ಅರವತ್ತು ಹಸುಗಳು, ಒಂದೇ ಪ್ರಬಂಧ

“ದಿ ಕೌ ಈಸ್ ಎ ಡೊಮೆಸ್ಟಿಕ್ ಅನಿಮಲ್.”

ಈ ಒಂದು ವಾಕ್ಯವನ್ನು ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ಎಷ್ಟು ಮಂದಿ ಸಿಕ್ಕಾರು? ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ಕಲಿತು, ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದ ಗಂಡಾಂತರಕ್ಕೆ ಸಿಕ್ಕಿಕೊಂಡ ಕನ್ನಡ ಮಾಧ್ಯಮದ ಮಕ್ಕಳನ್ನು ದಡ ಸೇರಿಸಿದ ಪುಣ್ಯಕೋಟಿ ಈ ಹಸು. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಎರಡು ಕಣ್ಣು, ಎರಡು ಕಿವಿ, ಒಂದು ಉದ್ದನೆಯ ಬಾಲ. ಅದು ಹುಲ್ಲು ತಿನ್ನುತ್ತದೆ. ನಮಗೆ ಹಾಲು ಕೊಡುತ್ತದೆ. ಹಾಲಿನಿಂದ ಮೊಸರು, ಬೆಣ್ಣೆ, ತುಪ್ಪ. ಆದ್ದರಿಂದ ನಾವು ಹಸುವನ್ನು ಪ್ರೀತಿಸಬೇಕು. ಇಷ್ಟು ಬರೆದು ಕೆಳಗೊಂದು ಗೆರೆ ಎಳೆದರೆ ಹತ್ತಕ್ಕೆ ಆರು ಅಂಕ ಖಾತ್ರಿ. ಅಕ್ಷರ ದುಂಡಗಿದ್ದರೆ ಏಳು.

ನಾನು ಇಂಗ್ಲಿಷ್ ಮೇಷ್ಟ್ರಲ್ಲ, ವಿಜ್ಞಾನ ಹೇಳುವವನು. ಆದರೂ ಈ ಪ್ರಬಂಧಗಳ ವಿಚಾರ ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿದೆ. ಅದಕ್ಕೆ ಕಾರಣ ಒಂದು ರಬ್ಬರಿನ ಗುರುತು.

ಚಿತ್ರದುರ್ಗದ ಸುತ್ತಮುತ್ತಲ ನೆಲ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ಹಾಗಾಗಿ ನಮ್ಮಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲ್ಲ, 98ರ ಆಸುಪಾಸಿನಲ್ಲಿ. ಥರ್ಮಾಮೀಟರು ಇದನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಆದರೆ ಮಕ್ಕಳ ಪ್ರಯೋಗದ ಪುಸ್ತಕ ತೆರೆದು ನೋಡಿ, ಎಲ್ಲ ಪುಸ್ತಕಗಳಲ್ಲೂ ನೀರು ಶಿಸ್ತಾಗಿ 100ಕ್ಕೇ ಕುದ್ದಿರುತ್ತದೆ! ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಪುಸ್ತಕದಲ್ಲಿ 100ರ ಕೆಳಗೆ ಏನೋ ಉಜ್ಜಿ ಅಳಿಸಿದ ಗುರುತು ಕಂಡಿತು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮೊದಲು ಬರೆದಿದ್ದದ್ದು 97.5. “ಯಾಕಮ್ಮ ಅಳಿಸಿದೆ?” ಎಂದು ಕೇಳಿದರೆ, “ಪುಸ್ತಕದಾಗೆ ನೂರು ಐತೆ ಸಾರ್, ನಂದು ತಪ್ಪಾಗೈತೆ ಅನ್ಕೊಂಡೆ” ಎಂದಳು. ಕಣ್ಣಾರೆ ಕಂಡದ್ದನ್ನು ರಬ್ಬರಿನಿಂದ ಒರೆಸಿ, ಪುಸ್ತಕದಲ್ಲಿದ್ದದ್ದನ್ನು ಬರೆಯುವ ಈ ವಿದ್ಯೆಯನ್ನು ಮಕ್ಕಳು ಕಲಿತದ್ದೆಲ್ಲಿ ಎಂದು ಯೋಚಿಸುತ್ತ ಹೋದಾಗ ನನಗೆ ನೆನಪಾದದ್ದು ನಮ್ಮ ಹೈಸ್ಕೂಲಿನ ಇಂಗ್ಲಿಷ್ ತರಗತಿ, ಮತ್ತು ಆ ಹಸು.

ಕಾವಲಿನ ಪಕ್ಕದ ಶಾಲೆ

ನಾನು 1983ರಿಂದ 1986ರವರೆಗೆ ಓದಿದ್ದು ಚಳ್ಳಕೆರೆ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಶಾಲೆಯ ಹಿಂದೆ ಒಂದಷ್ಟು ದೂರ ನಡೆದರೆ ಅಮೃತಮಹಲ್ ಕಾವಲು. ಕಣ್ಣು ಹಾಯಿಸಿದಷ್ಟೂ ಹುಲ್ಲು, ನಡುವೆ ಕುರುಚಲು ಜಾಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೆಯ ಶತಮಾನದ ಕೊನೆಯಲ್ಲಿ, ಅರಮನೆಯ ದನಗಳಿಗೆಂದು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಮುಂದೆ ಟಿಪ್ಪು ಸುಲ್ತಾನ್ ಅದನ್ನು ಅಮೃತಮಹಲ್ ಎಂದು ಕರೆದ. ಹೆಸರು ಬೆಣ್ಣೆಯದಾದರೂ ಈ ತಳಿಯ ಖ್ಯಾತಿ ಹಾಲಿಗಲ್ಲ. ಸೈನ್ಯದ ಬಂಡಿಗಳನ್ನು ಎಳೆದುಕೊಂಡು ದಣಿವಿಲ್ಲದೆ ನಡೆಯುವ ಎತ್ತುಗಳಿಗಾಗಿ ಇದನ್ನು ಬೆಳೆಸಿದ್ದು. ಅಮೃತಮಹಲ್ ಹಸುವಿನ ಕೆಚ್ಚಲಿನಲ್ಲಿ ಕರುವಿಗೆ ಸಾಲುವಷ್ಟು ಹಾಲಿದ್ದರೆ ಅದೇ ಹೆಚ್ಚು. ಅಪರಿಚಿತರು ಹತ್ತಿರ ಹೋದರೆ ನೀಳವಾದ ಚೂಪು ಕೊಂಬು ಎತ್ತಿ ನಿಲ್ಲುವ ಈ ದನವನ್ನು ‘ಡೊಮೆಸ್ಟಿಕ್’ ಎನ್ನಬೇಕೆ ಎಂಬುದೂ ವಿಚಾರ ಮಾಡಬೇಕಾದ ಮಾತೇ.

ಈ ದನಗಳನ್ನು ಕಿಟಕಿಯಿಂದಲೇ ಕಾಣಬಹುದಾದ ಕೊಠಡಿಯಲ್ಲಿ ಕುಳಿತು, ನಾವು ಅರವತ್ತು ಮಂದಿ, ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಹಸುವನ್ನು ನೋಟ್ಸಿಗೆ ಇಳಿಸಿಕೊಂಡೆವು. ಆ ಹಸು ಯಾವ ಊರಿನದೋ! ಅದಕ್ಕೆ ಬಣ್ಣ ಕಪ್ಪು, ಬಿಳಿ ಅಥವಾ ಕಂದು. ಅದು ಬಹಳ ಸಾಧು. ಧಾರಾಳವಾಗಿ ಹಾಲು ಕೊಡುತ್ತದೆ. ನಮ್ಮಲ್ಲಿ ಮುಕ್ಕಾಲು ಪಾಲು ಹುಡುಗರು ಬೆಳಗ್ಗೆ ಎದ್ದು ಸಗಣಿ ಬಾಚಿ, ದನಕ್ಕೆ ನೀರು ತೋರಿಸಿ ಶಾಲೆಗೆ ಬರುತ್ತಿದ್ದವರು. ಹಸುವಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಬರಿಯ ಗಟ್ಟಿ ವಸಡು ಇದೆ. ಅದಕ್ಕೇ ಅದು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದುಕೊಳ್ಳುತ್ತದೆ. ಇದು ನಮಗೆ ಗೊತ್ತಿತ್ತು, ಕೈಯಿಂದ ಮೇವು ತಿನ್ನಿಸಿದವರಿಗೆಲ್ಲ ಗೊತ್ತಿರುತ್ತದೆ. ಅದರ ನಾಲಿಗೆ ಉಪ್ಪುಕಾಗದದಂತೆ ಒರಟು ಎಂಬುದು ಗೊತ್ತಿತ್ತು. ಮಳೆ ಬರುವ ಮುಂಚೆ ಹಟ್ಟಿಯಲ್ಲಿ ದನ ಹೇಗೆ ಚಡಪಡಿಸುತ್ತದೆ, ಕರು ಸತ್ತ ಹಸು ಎಷ್ಟು ದಿನ ಕೂಗುತ್ತದೆ, ಎಲ್ಲವೂ ಗೊತ್ತಿತ್ತು. ಇವುಗಳಲ್ಲಿ ಒಂದೂ ಅರವತ್ತು ಪ್ರಬಂಧಗಳಲ್ಲಿ ಬರಲಿಲ್ಲ.

ಒಬ್ಬನದರಲ್ಲಿ ಬಂತು.

ಅವನು ಕಿಲಾರಿಯ ಮಗ. ನಮ್ಮ ಕಡೆಯ ಮ್ಯಾಸ ನಾಯಕರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳೆಂಬ ಹಿಂಡು ಇರುತ್ತದೆ. ದೇವರಿಗೆ ಬಿಟ್ಟ ದನ. ಅವುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಹಿಂಡನ್ನು ಕಾಯುವವನೇ ಕಿಲಾರಿ. 1985ರಲ್ಲಿ ನಾವು ಹತ್ತನೆಯ ತರಗತಿಯಲ್ಲಿದ್ದಾಗ ರಾಜ್ಯದಲ್ಲಿ ಬರ ಬಿದ್ದಿತ್ತು. ಕಾವಲಿನಲ್ಲೂ ಹುಲ್ಲಿಲ್ಲ. ಅವನ ಅಪ್ಪ ಹಿಂಡು ಹೊಡೆದುಕೊಂಡು ಮೇವು ಹುಡುಕುತ್ತ ಎತ್ತಲೋ ಹೋಗಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹಸುವಿನ ಪ್ರಬಂಧ ಬಂದಾಗ ಇವನು ಬರೆದದ್ದು ಹೀಗೆ:

“ಔವರ್ ಕೌ ನಾಟ್ ಗಿವ್ ಮಿಲ್ಕ್ ಟು ಅಸ್. ಮಿಲ್ಕ್ ಈಸ್ ಫಾರ್ ಕಾಫ್. ದಿಸ್ ಇಯರ್ ನೋ ರೈನ್. ಮೈ ಫಾದರ್ ಗೋ ವಿತ್ ಕೌ ಟು ಫಾರ್ ಪ್ಲೇಸ್. ಫೋರ್ ಮಂತ್ ಹಿ ನಾಟ್ ಕಮ್. ನೈಟ್ ಐ ಹಿಯರ್ ಬೆಲ್ ಅಂಡ್ ಐ ಗೆಟ್ ಅಪ್. ನೋ ಕೌ.”

ಆರೇಳು ಸಾಲು ಅಷ್ಟೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯ ಗೆರೆ ಬಿತ್ತು. ಕೆಳಗೆ ‘ಔಟ್ ಆಫ್ ಸಬ್ಜೆಕ್ಟ್’ ಎಂಬ ಷರಾ, ಹತ್ತಕ್ಕೆ ಎರಡು ಅಂಕ. ವ್ಯಾಕರಣದ ಲೆಕ್ಕದಲ್ಲಿ ನೋಡಿದರೆ ಆ ಸಾಲುಗಳಲ್ಲಿ ಸರಿಯಾದದ್ದು ಎರಡು ಮೂರಕ್ಕಿಂತ ಹೆಚ್ಚಿಲ್ಲ, ಒಪ್ಪುವ ಮಾತು. ಆದರೆ ಅದು ವಿಷಯದಿಂದ ಹೊರಗಿತ್ತು ಎಂಬುದನ್ನು ಒಪ್ಪಲು ನನಗೆ ನಲವತ್ತು ವರ್ಷದಿಂದ ಆಗಿಲ್ಲ. ಇಡೀ ತರಗತಿಯಲ್ಲಿ ವಿಷಯದೊಳಗೆ ಇದ್ದವನು ಅವನೊಬ್ಬನೇ. ಎಲ್ಲರ ನಡುವೆ ಅದನ್ನು ಓದಿ ಹೇಳಲಾಯಿತು, ನಾವೆಲ್ಲ ನಕ್ಕೆವು ಕೂಡ. ರಾತ್ರಿ ಗಂಟೆಯ ಸದ್ದು ಕೇಳಿ ಎದ್ದು ಕುಳಿತ ಹುಡುಗ ಪೆಚ್ಚಾಗಿ ತನ್ನ ಹಾಳೆ ಇಸಿದುಕೊಂಡು ಹೋಗಿ ಕುಳಿತ. ಮುಂದಿನ ಪರೀಕ್ಷೆಯ ಹೊತ್ತಿಗೆ ಅವನೂ ಗೈಡಿನ ಹಸುವನ್ನೇ ಉರು ಹೊಡೆದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಹೋಯಿತು. ಮತ್ತೆ ಪರೀಕ್ಷೆ ಕಟ್ಟಲಿಲ್ಲ, ಅಪ್ಪನ ಜೊತೆ ದನದ ಹಿಂದೆ ಹೋದ.

ಬಂದ ಮಳೆ, ಬಾರದ ಮಳೆ

ಹಸುವಿನ ನಂತರದ ಸ್ಥಾನ ‘ಎ ರೈನಿ ಡೇ’ ಪ್ರಬಂಧದ್ದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಂಥ ಕಡೆ ಬರದ ವರ್ಷದಲ್ಲಿ ಕುಳಿತು ನಾವು “ಇಟ್ ವಾಸ್ ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್” ಎಂದು ಬರೆದೆವು. ನಾಯಿ ಬೆಕ್ಕುಗಳು ಆಕಾಶದಿಂದ ಯಾಕೆ ಬೀಳುತ್ತವೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರಬಂಧದ ಪ್ರಕಾರ ರಸ್ತೆಯಲ್ಲಿ ಮಕ್ಕಳು ಕಾಗದದ ದೋಣಿ ಬಿಡುತ್ತಿದ್ದರು, ಶಾಲೆಗೆ ರಜೆ ಸಿಕ್ಕಿತು, ಅಮ್ಮ ಬಿಸಿ ಬಿಸಿ ತಿಂಡಿ ಕೊಟ್ಟಳು. ನಿಜಕ್ಕೂ ನಮ್ಮೂರಿನಲ್ಲಿ ನಡೆಯುತ್ತಿದ್ದದ್ದು ಮಳೆರಾಯನ ಪೂಜೆ. ಮಣ್ಣಿನ ಬೊಂಬೆ ಮಾಡಿ, ಹಲಗೆಯ ಮೇಲಿಟ್ಟು, ತಲೆಯ ಮೇಲೆ ಹೊತ್ತು ಮನೆ ಮನೆಗೆ ತಿರುಗಿ ನೀರು ಹೊಯ್ಯಿಸಿಕೊಂಡದ್ದು ನಾವೇ. ಬಾರದ ಮಳೆಯ ಬಗ್ಗೆ ಬರೆಯಿರಿ ಎಂದಿದ್ದರೆ ಒಬ್ಬೊಬ್ಬನೂ ನಾಲ್ಕು ಪುಟ ಬರೆಯುತ್ತಿದ್ದ. ಇಂಗ್ಲಿಷ್ ಸಾಲದೆ ಹೋದರೂ ಮಾತು ಸಾಲದೆ ಹೋಗುತ್ತಿರಲಿಲ್ಲ.

ಮೂರನೆಯದು ‘ವಂಡರ್ಸ್ ಆಫ್ ಸೈನ್ಸ್’. ರೇಡಿಯೋ, ವಿಮಾನ, ವಿದ್ಯುತ್ತು, ಎಕ್ಸ್-ರೇ, ಕೊನೆಯಲ್ಲಿ ಅಣುಬಾಂಬು. 1986 ಹ್ಯಾಲಿ ಧೂಮಕೇತು ಬಂದ ವರ್ಷ. 76 ವರ್ಷಕ್ಕೊಮ್ಮೆ ಬರುವ ಅತಿಥಿ. ಮತ್ತೆ ಬರುವುದು 2061ರಲ್ಲಿ. ಆ ಏಪ್ರಿಲ್‌ನಲ್ಲಿ ನಸುಕಿಗೆ ಮುಂಚೆ ಎದ್ದು, ಕಣದಲ್ಲಿ ನಿಂತು, ದಕ್ಷಿಣದ ದಿಕ್ಕಿನಲ್ಲಿ ಹತ್ತಿಯ ಉಂಡೆ ಉಜ್ಜಿದಂತಿದ್ದ ಮಸುಕು ಬೆಳಕನ್ನು ಹುಡುಕಿ ನೋಡಿದ್ದೆವು. ಇದೇನಾ ಇಷ್ಟೊಂದು ಸುದ್ದಿ ಮಾಡಿದ ಚುಕ್ಕಿ ಎಂದು ಕೆಲವರಿಗೆ ನಿರಾಸೆ. ನನಗಂತೂ ಮೈ ಜುಮ್ಮೆಂದಿತ್ತು. ವಿಜ್ಞಾನದ ಕಡೆ ನನ್ನನ್ನು ಎಳೆದದ್ದು ಆ ಮಸುಕು ಬೆಳಕೇ ಹೊರತು ಪ್ರಬಂಧದ ಎಕ್ಸ್-ರೇ ಅಲ್ಲ. ಆದರೆ ಧೂಮಕೇತು ಕಂಡದ್ದು ‘ವಂಡರ್’ ಎಂದು ಬರೆಯಬಹುದಾದ ಸಂಗತಿ ಎಂದು ನಮಗಾರಿಗೂ ಅನ್ನಿಸುವಂತಿರಲಿಲ್ಲ. ಅದು ಗೈಡಿನಲ್ಲಿ ಇರಲಿಲ್ಲವಲ್ಲ!

ಹಾಗೆಂದು ನಮ್ಮ ಇಂಗ್ಲಿಷ್ ಮೇಷ್ಟ್ರನ್ನು ಹಳಿಯಲು ನನಗೆ ಮನಸ್ಸಿಲ್ಲ. ಒಂದು ಕೊಠಡಿಗೆ ಅರವತ್ತು ಮಕ್ಕಳು. ಮನೆಯಲ್ಲಿ ಇಂಗ್ಲಿಷ್ ಇರಲಿ, ಕನ್ನಡ ಓದಬಲ್ಲವರೂ ಅಪರೂಪ. ಮೂರು ವರ್ಷದಲ್ಲಿ ಇವರನ್ನು ಸಾರ್ವಜನಿಕ ಪರೀಕ್ಷೆಗೆ ಕೂರಿಸಬೇಕು, ಫಲಿತಾಂಶ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಕೊಡಬೇಕು. ಮುಳುಗುವವನಿಗೆ ಹಗ್ಗ ಎಸೆಯುವಾಗ ಹಗ್ಗ ಯಾವ ಊರಿನದೆಂದು ಯಾರು ನೋಡುತ್ತಾರೆ? “ಮೊದ್ಲು ಪಾಸಾಗ್ರೋ, ಆಮೇಲೆ ನಿಮ್ಮ ಸ್ವಂತದ್ದು ಬರೀರಿ” ಎನ್ನುತ್ತಿದ್ದರು. ಅವರ ಕಾಳಜಿ ನಿಜವಾದದ್ದೇ. ಉರು ಹೊಡೆದ ವಾಕ್ಯಗಳು ವ್ಯರ್ಥವಾಗಲೂ ಇಲ್ಲ. ಬಿ.ಎಸ್ಸಿ.ಗೆ ಸೇರಿ, ರಾತ್ರೋರಾತ್ರಿ ಎಲ್ಲವೂ ಇಂಗ್ಲಿಷಾಗಿ ಕಂಗಾಲಾದಾಗ ನನ್ನ ಕೈ ಹಿಡಿದದ್ದು ಆ ಹಸುವೇ. ‘ದಿ ಫ್ರಾಗ್ ಈಸ್ ಆನ್ ಆಂಫಿಬಿಯನ್. ಇಟ್ ಹ್ಯಾಸ್ ಫೋರ್ ಲಿಂಬ್ಸ್’ ಎಂದು ಹಸುವಿನ ಅಚ್ಚಿನಲ್ಲೇ ಕಪ್ಪೆಯನ್ನು ಎರಕ ಹೊಯ್ದು ಮೊದಲ ವರ್ಷ ಪಾಸಾದೆ. ತೊಂದರೆ ಇರುವುದು ಮೇಷ್ಟ್ರು ಹೇಳಿದ ಆ ‘ಆಮೇಲೆ’ ಎಂಬ ಮಾತಿನಲ್ಲಿ. ಅದು ಬರಲೇ ಇಲ್ಲ. ಹೈಸ್ಕೂಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಬಿ.ಎಡ್.ಗೆ ಹೋದರೂ ಸ್ವಂತದ್ದು ಬರೆಯಿರಿ ಎಂದು ಕೇಳಿದವರಿಲ್ಲ.

ಪುಸ್ತಕ ಕಟ್ಟುವ ಹುಡುಗ

‘ಎಸ್ಸೇ’ ಎಂಬ ಪದದ ಹುಟ್ಟು ಕುತೂಹಲದ್ದು. 1580ರಲ್ಲಿ ಫ್ರಾನ್ಸಿನ ಮೊಂತೇನ್ ಎಂಬಾತ ತನ್ನ ಬರಹಗಳ ಪುಸ್ತಕಕ್ಕೆ ‘ಎಸ್ಸೆ’ ಎಂದು ಹೆಸರಿಟ್ಟ. ಹಾಗೆಂದರೆ ಪ್ರಯತ್ನ, ಪ್ರಯೋಗ. ಆತ ಬರೆದದ್ದು ತನಗೆ ಕಂಡದ್ದರ ಬಗ್ಗೆ: ನಿದ್ದೆ, ವಾಸನೆ, ಹೆಬ್ಬೆರಳು! ಚಿನ್ನದ ಶುದ್ಧತೆಯನ್ನೋ ಅದಿರಿನಲ್ಲಿರುವ ಲೋಹವನ್ನೋ ಪರೀಕ್ಷಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಅಸ್ಸೇ’ ಎನ್ನುತ್ತಾರೆ. ಹಟ್ಟಿಯಂಥ ಚಿನ್ನದ ಗಣಿಗಳಲ್ಲಿ ದಿನನಿತ್ಯದ ಮಾತು. ಈ ಎಸ್ಸೇ, ಆ ಅಸ್ಸೇ ಎರಡೂ ಒಂದೇ ಬೇರಿನವು. ಹಿಂದಕ್ಕೆ ಹೋದರೆ ಸಿಗುವ ಲ್ಯಾಟಿನ್ ಪದದ ಅರ್ಥ ‘ತೂಗುವುದು’. ಅಂದರೆ ಪ್ರಬಂಧ ಬರೆಯುವವನ ಕೈಯಲ್ಲಿ ಇರಬೇಕಾದದ್ದು ಗೈಡಲ್ಲ, ತಕ್ಕಡಿ. ನಮ್ಮಲ್ಲೂ ಇದನ್ನು ಅರಿತವರು ಇದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಪ್ರಬಂಧದ ಗುಟ್ಟು ಹಿಡಿದು ಕನ್ನಡದಲ್ಲಿ ‘ಹಗಲುಗನಸುಗಳು’ ಬರೆದರು. ನಮ್ಮ ಶಾಲೆಗೆ ಆ ಗುಟ್ಟು ಬರಲಿಲ್ಲ, ಬಂದದ್ದು ಹಸು ಮಾತ್ರ.

ವಿಜ್ಞಾನದವನಾದ ನನಗೆ ಈ ವಿಷಯದಲ್ಲಿ ಎಲ್ಲರಿಗಿಂತ ಹತ್ತಿರವಾಗಿ ಕಾಣುವವನು ಮೈಕೆಲ್ ಫ್ಯಾರಡೆ. ಮಕ್ಕಳು ಆತನ ಹೆಸರನ್ನು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಲ್ಲಿ ಓದುತ್ತಾರೆ. ಲಂಡನ್ನಿನ ಕಮ್ಮಾರನೊಬ್ಬನ ಮಗ, 1791ರಲ್ಲಿ ಹುಟ್ಟಿದವನು. ಶಾಲೆ ಕಂಡದ್ದು ಹೆಸರಿಗಷ್ಟೆ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತ ಬೆಳೆದ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟದ್ದರಿಂದ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನು, ಕಂಡ ಪ್ರಯೋಗಗಳನ್ನು ಚಿತ್ರಸಮೇತ ಬರೆದ, ತಾನೇ ರಟ್ಟು ಹಾಕಿ ಪುಸ್ತಕ ಕಟ್ಟಿದ, ಡೇವಿಗೆ ಕಳಿಸಿದ. 1813ರ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಅಂಕಪಟ್ಟಿ ಇಲ್ಲದ ಹುಡುಗನಿಗೆ ಆ ಬಾಗಿಲು ತೆರೆದದ್ದು, ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ ಆ ಪುಸ್ತಕ.

ಇಷ್ಟು ಕತೆ ಅನೇಕರಿಗೆ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲದ್ದು. ಕೆಲಸ ಸಿಕ್ಕ ಮೇಲೂ ತನ್ನ ಬರವಣಿಗೆ ಸಾಲದು ಎಂದು ಫ್ಯಾರಡೆಗೆ ಅನ್ನಿಸುತ್ತಿತ್ತು. 1818ರಲ್ಲಿ ಕೆಲವು ಗೆಳೆಯರನ್ನು ಸೇರಿಸಿಕೊಂಡು ಪ್ರಬಂಧ ಬರೆಯುವ ಒಂದು ಸಣ್ಣ ಕೂಟ ಕಟ್ಟಿದ. ದುಡಿದು ತಿನ್ನುವ ತರುಣರು, ಕಾಲೇಜು ಓದಿದವರಲ್ಲ. ತಾವೇ ಬರೆದು, ಒಬ್ಬರದನ್ನು ಒಬ್ಬರು ಓದಿ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಸೇರಿಸುತ್ತ ಹೋದರು. ಅದಕ್ಕೆ ಅವರು ಇಟ್ಟುಕೊಂಡ ಹೆಸರಿನ ಅರ್ಥ ‘ಮನಸ್ಸಿನ ವ್ಯಾಯಾಮ’. ಮೇಷ್ಟ್ರಿಲ್ಲ, ಪರೀಕ್ಷೆ ಇಲ್ಲ, ಅಂಕ ಇಲ್ಲ! ಮುಂದೆ ಈತ ತನ್ನ ಪ್ರಯೋಗಗಳ ದಿನಚರಿಯಲ್ಲಿ ಒಂದೊಂದು ಟಿಪ್ಪಣಿಗೂ ಸಂಖ್ಯೆ ಹಾಕುತ್ತ ಹೋದ. ಅದು ಹದಿನಾರು ಸಾವಿರ ದಾಟಿತು. ಪ್ರಯೋಗ ಕೈಕೊಟ್ಟ ದಿನಗಳೂ ಅದರಲ್ಲಿ ದಾಖಲಾಗಿವೆ. 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆಂದು ಒಂದು ಮೇಣದಬತ್ತಿಯ ಮೇಲೆ ಆರು ಉಪನ್ಯಾಸ ಕೊಟ್ಟ. ಕೇವಲ ಒಂದು ಮೇಣದಬತ್ತಿ! ಮರುವರ್ಷ ಪುಸ್ತಕವಾಗಿ ಬಂದ ಅದನ್ನು ಜನ ಈಗಲೂ ಓದುತ್ತಾರೆ. ಉರಿಯುವ ಬತ್ತಿಯನ್ನು ನೋಡಿ ಅಷ್ಟು ಹೇಳಬಲ್ಲವನಿಗೆ ನಮ್ಮ ಕಾವಲಿನ ಒಂದು ದನ ಕೊಟ್ಟಿದ್ದರೆ ಏನು ಬರೆಯುತ್ತಿದ್ದನೋ.

ಈಗಿನ ಹಸು

ಈಗ ಕಾಲ ಬದಲಾಗಿದೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯಿತು. ಮಕ್ಕಳು ನಮಗಿಂತ ಧೈರ್ಯವಾಗಿ ಮಾತನಾಡುತ್ತಾರೆ, ಸಂತೋಷ. ಹಸುವಿನ ಜಾಗಕ್ಕೆ ಪರಿಸರ ಮಾಲಿನ್ಯ, ಇಂಟರ್‌ನೆಟ್, ಪ್ಲಾಸ್ಟಿಕ್ ನಿಷೇಧ ಬಂದಿವೆ. ಆದರೆ ಪ್ರಬಂಧ ಮಾತ್ರ ಅದೇ ಅಚ್ಚಿನದು. ಗೈಡು ಕೊಳ್ಳುವ ಖರ್ಚೂ ಇಲ್ಲ. ಅಪ್ಪನ ಮೊಬೈಲಿಗೆ ಒಂದು ಮಾತು ಹೇಳಿದರೆ ಸಾಕು, ಕ್ಷಣದಲ್ಲಿ ಅದೇ ಬರೆದು ಕೊಡುತ್ತದೆ. ನಮ್ಮ ಮೇಷ್ಟ್ರಿಗಿಂತ ಒಳ್ಳೆಯ ವ್ಯಾಕರಣದಲ್ಲಿ! ಈ ಯಂತ್ರಕ್ಕೆ ಎಲ್ಲ ಹಸುಗಳೂ ಗೊತ್ತು. ಮನೆಯ ಕೊಟ್ಟಿಗೆಯಲ್ಲಿ ಕಟ್ಟಿರುವ, ಬಲಗೊಂಬು ಮುರಿದ, ಅಜ್ಜಿ ಬಂದರೆ ಮಾತ್ರ ಹಾಲು ಕೊಡುವ ಹಸು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮ್ಮ ಮಗಳಿಗೆ.

‘ಸೈನ್ಸ್: ಬೂನ್ ಆರ್ ಬೇನ್’, ವಿಜ್ಞಾನ ವರವೋ ಶಾಪವೋ, ಎಂಬುದು ಸವೆದು ಸವೆದು ನುಣ್ಣಗಾದ ವಿಷಯ. ನನ್ನ ಹುಡುಗರು ಈಗಲೂ ಅದನ್ನು ಬರೆಯುತ್ತಾರೆ. ಒಂದು ಪ್ಯಾರಾ ವರ, ಒಂದು ಪ್ಯಾರಾ ಶಾಪ, ಕೊನೆಯಲ್ಲಿ ‘ಅದು ನಾವು ಬಳಸುವ ರೀತಿಯಲ್ಲಿದೆ’. ನಾನು ಹೇಳಿದ ಚಳ್ಳಕೆರೆಯ ಕಾವಲು ಇದೆಯಲ್ಲ, ಅಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಗಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರಿನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ಬಂದು ಆ ನೆಲೆಯ ರನ್‌ವೇ ಮೇಲೆ ಇಳಿಯಿತು. ಅದೇ ಕಾವಲಿಗೆ ಬೇಲಿ ಬಿದ್ದಾಗ ದನ ಕುರಿ ಮೇಯಿಸುವವರು ಪ್ರತಿಭ��ಿಸಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವರವೂ ಶಾಪವೂ ಇಷ್ಟು ಹತ್ತಿರ, ಒಂದೇ ಬೇಲಿಯ ಆಚೆ ಈಚೆ ನಿಂತಿರುವಾಗ ನಮ್ಮ ಮಕ್ಕಳು ಬರೆಯುವುದು ಹಿರೋಶಿಮಾದ ಬಗ್ಗೆ. ಆ ಬೇಲಿಯ ಪಕ್ಕದ ಹಳ್ಳಿಯ ಹುಡುಗನೊಬ್ಬನನ್ನು ಕೇಳಿದ್ದೆ. “ಇಮಾನ ಬಂದಾಗ ನಮ್ ಕುರಿ ಬೆದರ್ತಾವೆ ಸಾ. ಆದ್ರೆ ನಂಗೆ ನೋಡಾಕೆ ಇಷ್ಟ” ಎಂದ. ನೂರೈವತ್ತು ಪದಗಳ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಯಾವ ಗೈಡಿನಲ್ಲಿದೆ?

ತಂದೆತಾಯಂದಿರು ಕೇಳುವುದು ಒಂದೇ ಪ್ರಶ್ನೆ: “ಸಾರ್, ಹಂಗೆ ಬರೆದ್ರೆ ಮಾರ್ಕ್ಸ್ ಬರುತ್ತಾ?” ನ್ಯಾಯವಾದ ಪ್ರಶ್ನೆ. ಪ್ರಬಂಧಕ್ಕೆ ಇರುವ ಅಂಕ ಕೈಬೆರಳಲ್ಲಿ ಎಣಿಸುವಷ್ಟು. ಪತ್ರ ಬರೆಯುವ ಕ್ರಮ, ವಾಕ್ಯ ಜೋಡಿಸುವ ಪದಗಳು, ಕಾಲಸೂಚಕ ಕ್ರಿಯಾಪದಗಳು, ಇವನ್ನು ಬಾಯಿಪಾಠ ಮಾಡಲಿ, ಮಗ್ಗಿಯಂತೆ. ಮಗ್ಗಿ ಬೇಡ ಎನ್ನುವ ಗುಂಪಿನವನು ನಾನಲ್ಲ. ಆದರೆ ಮಗ್ಗಿ ಕಲಿತ ಮೇಲೆ ಲೆಕ್ಕ ನಮ್ಮದೇ ಮಾಡಬೇಕಲ್ಲವೆ? ಒಂದೇ ಪ್ರಬಂಧದ ನೂರು ಪ್ರತಿ ತಿದ್ದಿ ಬೇಸತ್ತ ಮೌಲ್ಯಮಾಪಕರಿಗೆ ತನ್ನದೇ ಮಾತಿನ ಒಂದು ಉತ್ತರ ಸಿಕ್ಕರೆ ಕಣ್ಣು ಅರಳುತ್ತದೆ ಎಂದು ಇಂಗ್ಲಿಷ್ ಕಲಿಸುವ ಗೆಳೆಯರು ಹೇಳುತ್ತಾರೆ. ಎಲ್ಲರದೂ ಅರಳುತ್ತದೆಂದು ನಾನು ಭರವಸೆ ಕೊಡಲಾರೆ. ಕೆಂಪು ಗೆರೆ ಎಳೆಯುವವರು ಈಗಲೂ ಇದ್ದಾರೆ.

ನಮ್ಮ ತರಗತಿಯಲ್ಲಿ ಶನಿವಾರದ ಕೊನೆಯ ಹತ್ತು ನಿಮಿಷ ಒಂದು ಕೆಲಸ ಇಟ್ಟುಕೊಂಡಿದ್ದೇನೆ. ವಾರದಲ್ಲಿ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಐದು ವಾಕ್ಯದಲ್ಲಿ ಬರೆಯಬೇಕು. ಇಂಗ್ಲಿಷಿನಲ್ಲೇ, ಆದರೆ ಪದ ಸಿಗದ ಕಡೆ ಕನ್ನಡ ಪದ ಹಾಕಬಹುದು. ಮುದ್ದೆಗೆ ಮುದ್ದೆ ಎಂದೇ ಬರೆದರೆ ಆಕಾಶ ಕಳಚಿ ಬೀಳುವುದಿಲ್ಲ. ಬೇರೆ ಯಾರೂ ಬರೆಯಲಾರದ ಒಂದಾದರೂ ವಾಕ್ಯ ಅದರಲ್ಲಿರಬೇಕು, ಅದೊಂದೇ ನಿಯಮ. ನಾನು ಮೊದಲು ಓದುತ್ತೇನೆ, ತಿದ್ದುವುದು ಆಮೇಲೆ, ಅದೂ ಸ್ವಲ್ಪ. ಮೊದಮೊದಲು ಎಲ್ಲರೂ ‘ಐ ಸಾ ಎ ಬ್ಯೂಟಿಫುಲ್ ಸನ್‌ರೈಸ್’ ಎಂದೇ ಬರೆದರು. ಮೂರನೆಯ ತಿಂಗಳಿಗೆ ಒಬ್ಬ, ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಕೆಳಗಿಳಿದು ಎಲ್ಲರನ್ನೂ ಒಳಗೆ ತಳ್ಳಿದ ಮೇಲೆ ತನಗೇ ಜಾಗವಿಲ್ಲದೆ ನಿಂತದ್ದನ್ನು ಬರೆದ. ಮನೆಯಲ್ಲೂ ಇದನ್ನು ಮಾಡಬಹುದು, ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರೂ ಮಾಡಬಹುದು. ಮಗು ಬರೆದದ್ದನ್ನು ಕನ್ನಡದಲ್ಲಿ ಹೇಳು ಎಂದು ಕೇಳಿದರೆ ಸಾಕು. ಹೇಳಲು ತಡವರಿಸಿದರೆ ಅದು ಬೇರೆ ಯಾರದ್ದೋ ಪ್ರಬಂಧ ಎಂದು ತಿಳಿಯಿರಿ.

ಕಳೆದ ಶೇಂಗಾ ಸುಗ್ಗಿಯಲ್ಲಿ, ವಾರಕ್ಕೆ ಮೂರು ದಿನ ಹೊಲದ ಕೆಲಸಕ್ಕೆ ಹೋಗಿ ಎರಡು ದಿನ ಮಾತ್ರ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಅಪ್ಪನ ಜೊತೆ ಶೇಂಗಾ ಮಾರಲು ಹೋದದ್ದನ್ನು ಬರೆದಿದ್ದಳು. ಚೀಲ ಎಷ್ಟು, ದರ ಎಷ್ಟು ಎಂದೆಲ್ಲ ಮೂರು ವಾಕ್ಯ. ಕೊನೆಯ ಎರಡು ಹೀಗಿದ್ದವು: “ಮೈ ಫಾದರ್ ಈಸ್ ಲುಕಿಂಗ್ ದಿ ತಕ್ಕಡಿ. ದಿ ಮರ್ಚೆಂಟ್ ಈಸ್ ಲುಕಿಂಗ್ ಮೈ ಫಾದರ್.”

ಎರಡು ಕಡೆ ‘ಲುಕಿಂಗ್’ ಆದ ಮೇಲೆ ಒಂದೊಂದು ‘ಅಟ್’ ಸೇರಿಸಿ ಪುಸ್ತಕ ಹಿಂದಿರುಗಿಸಿದೆ.